ಡಾಕ್ಟರಮ್ಮನ ಸೊಪ್ಪು, ಮುದ್ದೆ

ಡಾಕ್ಟರ್ ಬೃಂದಾ ಅವರ ಮೂವತ್ತನಾಲ್ಕು ವರ್ಷದ ಹೆಸರಿಗೆ ಕುತ್ತು ತಂದದ್ದು ಲಂಚವಲ್ಲ, ಔಷಧಿ ಅಂಗಡಿಯ ಕಮಿಷನ್ನೂ ಅಲ್ಲ. ಬರೀ ಸೊಪ್ಪು.

ಪಿರಿಯಾಪಟ್ಟಣದಲ್ಲಿ ಅವರದೊಂದು ಪುಟ್ಟ ಹೆರಿಗೆ ಆಸ್ಪತ್ರೆ. ಅಲ್ಲಿ ಹುಟ್ಟಿದ ಹೆಣ್ಣುಮಕ್ಕಳೇ ಈಗ ಬಸುರಿಯಾಗಿ ಬಂದು ಅದೇ ಮಂಚ ಹತ್ತುತ್ತಿದ್ದರು. ಅಂಥ ಡಾಕ್ಟರಿಗೆ ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಜಿಲ್ಲಾ ಆರೋಗ್ಯ ಕಚೇರಿಯಿಂದ ಒಂದು ಮೂಗರ್ಜಿಯ ನಕಲು ಮೊಬೈಲಿಗೆ ಬಂತು. ತನಿಖೆಗೆ ಮೂರು ಗಂಟೆಗೆ ಬರುತ್ತೇವೆ ಎಂದು ಕೆಳಗೊಂದು ಸಾಲು. ಆರೋಪ ನಿಜವಾದರೆ ಸ್ಕ್ಯಾನಿಂಗ್ ಯಂತ್ರಕ್ಕೆ ಸೀಲು, ಡಾಕ್ಟರಿಕೆಗೆ ಮಂಗಳ, ಅದರ ಮೇಲೆ ಜೈಲು.

ಅರ್ಜಿ ಹೀಗಿತ್ತು: ‘ಸದರಿ ವೈದ್ಯರು ಹೊಟ್ಟೆಯಲ್ಲಿರುವುದು ಗಂಡಾದರೆ ಮುದ್ದೆ ತಿನ್ನು ಎಂತಲೂ, ಹೆಣ್ಣಾದರೆ ಸೊಪ್ಪು ತಿನ್ನು ಎಂತಲೂ ಸಂಕೇತದಲ್ಲಿ ತಿಳಿಸುತ್ತಾರೆ. ನಮ್ಮ ಸೊಸೆಗೆ ಮುದ್ದೆ ಎಂದು ಹೇಳಿಯೂ ಹೆಣ್ಣು ಹುಟ್ಟಿರುವುದರಿಂದ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ.’

ಬೃಂದಾ ಮೂರು ಸಲ ಓದಿದರು. ತಲೆಬುಡ ತಿಳಿಯಲಿಲ್ಲ. ನೆಲ ಒರೆಸುತ್ತಿದ್ದ ಆಯಾ ಚೆಲುವಮ್ಮನನ್ನು ಕೇಳಿದರು.

“ಇದೇನು ಚೆಲುವಮ್ಮ? ನಾನು ಯಾವತ್ತು ಹೀಗೆಲ್ಲ ಹೇಳ್ದೆ?”

ಚೆಲುವಮ್ಮ ಒರೆಸುವುದನ್ನು ನಿಲ್ಲಿಸಲಿಲ್ಲ. “ಸ್ಕ್ಯಾನಿಂಗ್ ಮಿಸನ್ನು ಬಂದಾಗಿಂದ್ಲೂ ಯೋಳ್ತಾನೇ ಇದ್ದೀರಲ್ಲವ್ವ, ಇಪ್ಪತ್ ವರ್ಸದಿಂದ. ಬಾಯ್ಬುಟ್ಟು ಯೋಳಂಗಿಲ್ಲ ಅಂತ ಗೋಡೆ ಮ್ಯಾಲೆ ಬೋರ್ಡ್ ಆಕವ್ರೆ. ಅದ್ಕೇ ಒಗಟಲ್ಲಿ ಯೋಳ್ತೀರಿ ಅಂತ ತಾಲ್ಲೂಕಿಗೇ ಗೊತ್ತು. ಮುದ್ದೆ ಗಟ್ಟಿ, ಅದು ಗಂಡು. ಸೊಪ್ಪು ಮೆತ್ಗೆ, ಅದು ಎಣ್ಣು.”

“ರಕ್ತ ಕಮ್ಮಿ ಇರೋರಿಗೆ ಸೊಪ್ಪು ತಿನ್ನು ಅಂತೀನಿ. ಚೆನ್ನಾಗಿರೋರಿಗೆ ಮಾಮೂಲಿ ಮುದ್ದೆ ಉಣ್ಣು ಅಂತೀನಿ. ಅಷ್ಟೇ ಕಣೇ.”

“ಅದು ನಿಮ್ಗೆ. ನಮ್ಗೆ ಬ್ಯಾರೆ.”

“ಎಷ್ಟೋ ಸಲ ತಪ್ಪಾಗಿರುತ್ತಲ್ಲ?”

“ಸೊಪ್ಪು ಅಂದು ಗಂಡಾದ್ರೆ ದ್ಯಾವ್ರು ಒಳ್ಗೇ ತಿರುಗುಸ್ದ ಅಂತ ಅರಕೆ ತೀರುಸ್ತಾರೆ. ಮುದ್ದೆ ಅಂದು ಎಣ್ಣಾದ್ರೆ ಸೊಸೆ ಕಾಲ್ಗುಣ ಅಂತಾರೆ. ನಿಮ್ ಮಾತು ಮಾತ್ರ ತಪ್ಪಾಗಕಿಲ್ಲ ಬುಡಿ.”

ಡಾಕ್ಟರಿಗೆ ಇನ್ನೊಂದು ಸಂಶಯ ಬಂತು. “ಸೊಪ್ಪು ಅಂದೋರಿಗೆ ಮನೇಲಿ ಸೊಪ್ಪಾದ್ರೂ ಕೊಡ್ತಾರಾ?”

“ಎಣ್ಣು ಅಂತ ಗೊತ್ತಾದ್ಮ್ಯಾಕೆ ಸೊಪ್ಪಾ? ತಟ್ಟೇಲಿರೋ ಮೊಟ್ಟೆನೂ ಎತ್ಕೋತಾರೆ.”

ಬೃಂದಾ ಕುರ್ಚಿ ಎಳೆದುಕೊಂಡು ಕೂತರು. ಸೊಪ್ಪು ತಿನ್ನು ಅಂದವಳ ರಕ್ತ ಮುಂದಿನ ತಿಂಗಳು ಇನ್ನೂ ಇಳಿದಿರುವುದೇಕೆ ಎಂದು ಅವರು ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡಿದ್ದರು. ಮೈಸೂರಿನ ಸಮ್ಮೇಳನವೊಂದರಲ್ಲಿ ಅದಕ್ಕೆ ಜಂತುಹುಳುವೇ ಕಾರಣವೆಂದು ಪ್ರಬಂಧ ಓದಿ, ಶಾಲು ಹೊದಿಸಿಕೊಂಡು ಬಂದಿದ್ದರು. ಆ ಜಂತು ಇಷ್ಟು ವರ್ಷವೂ ಎದುರು ಬೆಂಚಿನಲ್ಲೇ, ಸೊಸೆಯ ಪಕ್ಕದಲ್ಲೇ ಕೂತಿತ್ತು.

ಸರಿ, ಮೂರು ಗಂಟೆಯೊಳಗೆ ಈ ಒಗಟನ್ನು ಮುರಿದು ಹಾಕಬೇಕು ಎಂದುಕೊಂಡರು. ಮೊದಲು ಬಂದವಳು ಕಂಪಲಾಪುರದ ಅನು. “ಸೊಪ್ಪೂ ತಿನ್ನು, ಮುದ್ದೆನೂ ತಿನ್ನು” ಎಂದು ಕಳಿಸಿದರು. ಅವಳ ಗಂಡ ಸ್ವಾಮಿ ಜಗುಲಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತ. ಎದುರಿನ ಟೀ ಅಂಗಡಿಯ ಮಂಟಯ್ಯ ಲೋಟ ಸಮೇತ ಓಡಿ ಬಂದ. ಊರಿನ ಯಾವ ಬಸುರಿಯೂ ಅವನ ಗಮನಕ್ಕೆ ಬಾರದೆ ಹೆತ್ತದ್ದಿಲ್ಲ.

“ಅವಳಿಜವಳಿ ಕಣ್ಲಾ” ಎಂದು ಸಮಾಧಾನ ಹೇಳಿದ. “ಒಂದು ಗಂಡು ಒಂದು ಎಣ್ಣು. ಲಾಸೇನಿಲ್ಲ ಬುಡು.”

ಎರಡನೆಯವಳಿಗೆ ಬೃಂದಾ ಏನೂ ಹೇಳಲಿಲ್ಲ. ಚೀಟಿ ಬರೆದುಕೊಟ್ಟು ಸುಮ್ಮನಾದರು. ಅವಳು ಹೊರಗೆ ಹೋದ ಎರಡೇ ನಿಮಿಷಕ್ಕೆ ಗೋಳಾಟ ಶುರುವಾಯಿತು. ಸೊಪ್ಪೂ ಇಲ್ಲ, ಮುದ್ದೆಯೂ ಇಲ್ಲ ಅಂದಮೇಲೆ ಹೊಟ್ಟೆಯಲ್ಲಿ ಕೂಸೇ ಇಲ್ಲ ಎಂದು ಅವಳ ತಾಯಿ ಎದೆ ಎದೆ ಬಡಿದುಕೊಂಡಳು. ಡಾಕ್ಟರು ಓಡಿಹೋಗಿ ಕೂಸಿನ ಎದೆಬಡಿತ ಕೇಳಿಸಿ ಸಮಾಧಾನ ಮಾಡುವಷ್ಟರಲ್ಲಿ ಹನ್ನೆರಡಾಯಿತು.

ಆಮೇಲೆ ಬಂದವಳು ಹಾರನಹಳ್ಳಿಯ ಸೌಂದರ್ಯ. ರಕ್ತ ಏಳಕ್ಕೆ ಇಳಿದಿತ್ತು, ತುಟಿ ಸುಣ್ಣ. ಅತ್ತೆ ಬೀರಮ್ಮ ಮಾತ್ರ ದುಂಡಗಿದ್ದಳು. ಬಸ್ಸಿನ ಬೋರ್ಡು ನೋಡುವವಳಂತೆ ಡಾಕ್ಟರ ಬಾಯನ್ನೇ ನೋಡುತ್ತ ನಿಂತಿದ್ದಳು. ಬೃಂದಾ ಅವರ ನಾಲಿಗೆಯ ತುದಿಗೆ ಸೊಪ್ಪು ಬಂದಿತ್ತು. ಆ ಹುಡುಗಿಯ ಮುಖ ನೋಡಿ ನುಂಗಿಕೊಂಡರು. ನಿಜ ಹೇಳಿ ಹೇಳಿ ಇಂಥವರನ್ನು ಉಪವಾಸ ಕೆಡವಿದ್ದು ಸಾಕು ಅನ್ನಿಸಿತು.

“ಮುದ್ದೆ” ಅಂದರು. “ಮೇಲೆ ಎರಡು ಮೊಟ್ಟೆ, ಹಣ್ಣು, ಹಾಲು. ಅತ್ತೆ ಕೈಯಿಂದ್ಲೇ ಕೊಡಿಸ್ಬೇಕು.”

ಬೀರಮ್ಮ ಸೊಸೆಯ ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. “ಕೂತ್ಕಳವ್ವ, ನಿಂತ್ಕಂಡ್ರೆ ಆಯಾಸ ಆಯ್ತದೆ” ಎಂದು ಸೆರಗಿನಿಂದ ಗಾಳಿ ಹಾಕಿದಳು. ಬಸುರಾದ ಐದು ತಿಂಗಳಲ್ಲಿ ಸೌಂದರ್ಯಳಿಗೆ ಅತ್ತೆಯಿಂದ ಸಿಕ್ಕ ಮೊದಲ ಗಾಳಿ ಅದು. ಅವಳು ಗಾಬರಿಯಿಂದ ಡಾಕ್ಟರನ್ನು ನೋಡಿದಳು.

ಬೃಂದಾ ಅವರಿಗೆ ಅದರ ರುಚಿ ಹತ್ತಿಬಿಟ್ಟಿತು. ಆಮೇಲೆ ಬಂದವರಿಗೆಲ್ಲ ಮುದ್ದೆಯೇ. ಮೂರಾಗುವಷ್ಟರಲ್ಲಿ ಹದಿನಾಲ್ಕು ಮುದ್ದೆಯಾಗಿ ಜಗುಲಿ ಮದುವೆಮನೆಯಾಯಿತು. ಎಲ್ಲ ಸೊಸೆಯರ ಬಾಯಲ್ಲೂ ಬಾಳೆಹಣ್ಣು, ಎಲ್ಲ ಅತ್ತೆಯರ ಕೈಯಲ್ಲೂ ಮೊಟ್ಟೆ. ಮಂಟಯ್ಯನ ಅಂಗಡಿಯಲ್ಲಿ ಬನ್ನು ಮುಗಿಯಿತು.

ಸರಿಯಾಗಿ ಆಗಲೇ ತನಿಖಾಧಿಕಾರಿ ಲಿಂಗರಾಜು ಜೀಪಿನಿಂದ ಇಳಿದರು. ಮಂಟಯ್ಯ ಅವರ ಅಂಗೈಗೆ ಒಂದು ಹಿಡಿ ಸಕ್ಕರೆ ಹಾಕಿದ.

“ತಗಳಿ ಸಾ. ಇವತ್ತು ಬಂದವೆಲ್ಲಾ ಗಂಡೇ.”

ಡಾಕ್ಟರು ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಜೈಲಿನ ಹಂಡೆಯ ನೀರು ತಣ್ಣಗಿರುತ್ತದೋ ಬಿಸಿಯಿರುತ್ತದೋ ಎಂದು ಕೂಡ ಒಮ್ಮೆ ಯೋಚನೆ ಬಂತು.

ಲಿಂಗರಾಜು ಒಳಗೆ ಬಂದು ಸಕ್ಕರೆ ಮುಕ್ಕಿ, ಕೈ ಒರೆಸಿಕೊಂಡು ಕಡತ ಬಿಚ್ಚಿದರು. “ಮೇಡಂ, ಅರ್ಜಿ ನಮ್ಗೆ ಬಂದು ಮೂರು ವಾರ ಆಯ್ತು, ಆಗಿಂದ ಊರೂರು ಸುತ್ತಿ ವಿಚಾರಿಸಿದೀವಿ. ನೂರು ಹೆರಿಗೆ. ನೀವು ಮುದ್ದೆ ಅಂದಿರೋ ಐವತ್ತರಲ್ಲಿ ಇಪ್ಪತ್ತಾರು ಹೆಣ್ಣು. ಸೊಪ್ಪು ಅಂದಿರೋ ಐವತ್ತರಲ್ಲಿ ಇಪ್ಪತ್ತೇಳು ಗಂಡು. ಗಿಣಿಶಾಸ್ತ್ರದೋನು ಹೇಳಿದ್ರೂ ಇದಕ್ಕಿಂತ ಚೆನ್ನಾಗಿ ಹೇಳ್ತಿದ್ದ. ನೀವು ನಿರ್ದೋಷಿ.”

ಬೃಂದಾ ಅವರ ಕಣ್ಣು ತುಂಬಿ ಬಂತು. ಮೂವತ್ತನಾಲ್ಕು ವರ್ಷದ ಮರ್ಯಾದೆ ಉಳಿಯಿತು.

“ಸುದ್ದಿ ಊರಲ್ಲಿ ಹಬ್ಬಿರೋದ್ರಿಂದ ವರದೀನ ಜನರ ಮುಂದೇನೇ ಓದ್ಬೇಕು” ಎಂದು ಲಿಂಗರಾಜು ಜಗುಲಿಗೆ ಹೋಗಿ ಗಂಟಲು ಸರಿಮಾಡಿಕೊಂಡರು. “ಗರ್ಭದಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಗುರುತಿಸುವ ಸಾಮರ್ಥ್ಯವು ಸದರಿ ವೈದ್ಯರಿಗೆ ಇರುವುದಿಲ್ಲವೆಂದು ದೃಢಪಟ್ಟಿರುತ್ತದೆ.”

ಬೃಂದಾ ಹಿಂದಿನಿಂದ ಬಗ್ಗಿ ಪಿಸುಗುಟ್ಟಿದರು. “ಸಾಮರ್ಥ್ಯ ಇದೆ ಸರ್. ಹೇಳಲ್ಲ ಅಷ್ಟೇ.”

“ಇದೆ ಅಂತ ಬರೀಲಾ? ಬರೆದ್ರೆ ಕೇಸು ಮುಂದುವರಿಸ್ಬೇಕಾಗುತ್ತೆ.”

“ಬೇಡ ಬಿಡಿ” ಎಂದರು ಬೃಂದಾ.

ಜನಕ್ಕೆ ಸರ್ಕಾರಿ ಕನ್ನಡ ಅರ್ಥವಾಗಲಿಲ್ಲ. ಮಂಟಯ್ಯ ಬಿಡಿಸಿ ಹೇಳಿದ. “ಡಾಕ್ಟ್ರಮ್ಮಂಗೆ ಗಂಡ್ಯಾವ್ದು ಎಣ್ಯಾವ್ದು ಗೊತ್ತೇ ಆಗಕಿಲ್ವಂತೆ. ಸರ್ಕಾರ್ದೋರೇ ಪರೀಕ್ಸೆ ಮಾಡವ್ರೆ. ಪೇಲು.”

ಜಗುಲಿಯಲ್ಲಿ ಅತ್ತೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಟ್ಟೆಗಳು ಒಂದೊಂದಾಗಿ ಚೀಲದೊಳಕ್ಕೆ ಹೋದವು. ಕಾಲು ಗಂಟೆಯಲ್ಲಿ ಬೆಂಚುಗಳೆಲ್ಲ ಖಾಲಿ. ಬೀರಮ್ಮ ಮಾತ್ರ ಸೌಂದರ್ಯಳನ್ನು ಎಳೆದುಕೊಂಡು ಒಳಗೆ ಬಂದಳು. ಲಿಂಗರಾಜು ಮೇಜಿನ ಮೂಲೆಯಲ್ಲಿ ಕೂತು ವರದಿಗೆ ಸಹಿ ಹಾಕುತ್ತಿದ್ದರು.

“ಇಷ್ಟೊರ್ಸ ಆ ಟೀವಿ ಒಳ್ಗೆ ಏನ್ ನೋಡ್ತಿದ್ರವ್ವಾ?” ಎಂದಳು ಬೀರಮ್ಮ. “ನಿಮ್ಗೆ ಗೊತ್ತಾಯ್ತದಾ, ಇಲ್ವಾ? ಒಂದೇ ಮಾತು ಯೋಳ್ಬುಡಿ.”

ಬೃಂದಾ ಬಾಯಿ ತೆರೆದರು. ಲಿಂಗರಾಜು ಸಹಿಯನ್ನು ಅರ್ಧಕ್ಕೇ ನಿಲ್ಲಿಸಿ, ಪೆನ್ನು ಹಿಡಿದುಕೊಂಡೇ ಕತ್ತೆತ್ತಿದರು. ಬೃಂದಾ ಬಾಯಿ ಮುಚ್ಚಿದರು.

“ನೋಡ್ದಾ?” ಎಂದು ಬೀರಮ್ಮ ಸೊಸೆಯ ಕಡೆ ತಿರುಗಿದಳು. “ನಡಿ, ಕೆ.ಆರ್. ನಗರಕ್ಕೆ ಓಗವ. ಅಲ್ಲಿ ಓದಿರೋ ಡಾಕ್ಟ್ರು ಅವ್ರಂತೆ.”