ಸಾಕುಮಗಳಿಗೆ ನೀರಿನ ಬಟ್ಟಲು ಇಟ್ಟವರಿಗೆ

ವಸತಿಗೃಹದ ಕೊಠಡಿ ಹಂಚುವ ಯಂತ್ರ ಮಹಾಶಯರ ಸನ್ನಿಧಿಗೆ, ಮೂರನೆಯ ಮಹಡಿಯ ಮೂಲೆ ಕೋಣೆಯಿಂದ ಕೈಮುಗಿದು ಬರೆಯುವುದು.

ಮಾನ್ಯರೇ,

ತಮಗೆ ನೆಗಡಿ, ಜ್ವರ, ಕರೆಂಟಿನ ತೊಂದರೆ ಯಾವುದೂ ಇಲ್ಲವೆಂದು ನಂಬಿದ್ದೇನೆ. ನಾನು ಬರೆಯುವುದು ದಿನಚರಿ ಮಾತ್ರ. ದೊಡ್ಡವರಿಗೆ ಪತ್ರ ಬರೆದು ರೂಢಿಯಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೊಟ್ಟೆ ಇಲ್ಲದಿದ್ದರೆ ಬೇರೆಲ್ಲಾದರೂ ಹಾಕಿಕೊಳ್ಳಿ.

ಮಗುವನ್ನು ದತ್ತು ಪಡೆಯಲು ಪರದೇಶಕ್ಕೆ ಬರುವ ನಮ್ಮಂಥವರಿಗೆ ತಾವು ಕೋಣೆ ಗೊತ್ತುಮಾಡಿಕೊಡುತ್ತೀರಿ, ಅದೂ ಕನ್ನಡದಲ್ಲೇ, ಎಂದು ಕೇಳಿ ನಮಗೆ ಹೋದ ಜೀವ ಬಂದಂತಾಗಿತ್ತು. ಜೊತೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದಿರಿ. ನಾನು 'ಸಾಕುಮಗಳು' ಎಂದು ಒತ್ತಿದೆ. ತಾವು 'ಸಾಕು' ಎಂಬಷ್ಟನ್ನು ಓದಿ, ಉಳಿದದ್ದನ್ನು ಓದುವ ಶ್ರಮ ತೆಗೆದುಕೊಳ್ಳದೆ, 'ಸಾಕುಪ್ರಾಣಿ, ಒಂದು' ಎಂದು ದಾಖಲಿಸಿಕೊಂಡಿರಿ. ಅರ್ಧ ಮಾತಿನಲ್ಲೇ ಎಲ್ಲ ತಿಳಿದುಕೊಳ್ಳುವ ಈ ಗುಣವನ್ನು ನಮ್ಮ ಅತ್ತೆಯವರನ್ನು ಬಿಟ್ಟರೆ ತಮ್ಮಲ್ಲೇ ಕಂಡದ್ದು.

ಬಂದು ನೋಡಿದರೆ ಮಂಚದ ಪಕ್ಕದಲ್ಲಿ ಚಾಪೆ, ನೀರಿನ ಬಟ್ಟಲು, ಮೂಳೆಯ ಆಕಾರದ ಬಿಸ್ಕತ್ತು. ಬಾಗಿಲ ಮೇಲಿನ ಪುಟ್ಟ ಪರದೆಯಲ್ಲಿ ಹೊಳೆಯುವ ನಾಯಿಯ ಚಿತ್ರ. "ಏನೇ ಇದು, ನಮಗಿಂತ ಮೊದ್ಲೇ ಯಾವ್ದೋ ನಾಯಿ ರೂಮು ಹಿಡಿದುಬಿಟ್ಟಿದೆಯಲ್ಲೇ!" ಎಂದರು ನನ್ನವರು.

ತಿದ್ದಿಕೊಡಿ ಎಂದು ಬೇಡಿದಾಗ ತಾವು, ಪ್ರಾಣಿಯ ತೂಕವೆಷ್ಟು, ಲಸಿಕೆ ಹಾಕಿಸಿದೆಯೇ, ಅಪರಿಚಿತರನ್ನು ಕಚ್ಚುತ್ತದೆಯೇ ಎಂದು ಅಕ್ಕರೆಯಿಂದ ವಿಚಾರಿಸಿದಿರಿ. ನಮ್ಮ ಮಗಳು ಏಳು ವರ್ಷದವಳಿದ್ದಾಗ ತೀರಿಕೊಂಡಳು. ಆಮೇಲೆ ಮನೆಗೆ ಬಂದವರು ಯಾರೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಬಿಸಿಲು ಜಾಸ್ತಿ ಎಂದು ಹೇಳಿ ಎದ್ದುಹೋಗುತ್ತಿದ್ದರು.

ನಿನ್ನೆ ಮಾತ್ರ ತಮ್ಮ ಅಕ್ಕರೆ ನಮ್ಮ ಕುತ್ತಿಗೆಗೆ ಬಂತು. ಅನಾಥಾಲಯದವರು ಬೆಳಗ್ಗೆ ನಾಲ್ಕು ವರ್ಷದ ಮಗುವನ್ನು ನಮ್ಮ ಬಳಿ ಬಿಟ್ಟಿದ್ದರು. ಅದು ನಮ್ಮೊಡನೆ ಉಳಿಯಬೇಕೋ, ಸಂಜೆಗೆ ಹಿಂದಿರುಗಬೇಕೋ ಎಂಬುದನ್ನು ಮಕ್ಕಳ ಕಚೇರಿಯ ಮೇಡಂ ಕೋಣೆ ನೋಡಿ ಹೇಳುವವರಿದ್ದರು. ನಮ್ಮ ಭಾಷೆ ಬಲ್ಲ ದುಭಾಷಿ ಹುಡುಗಿ ಓಡಿಬಂದು, "ಅಕ್ಕಾ, ಆ ನಾಯಿ ಮುಚ್ಚಿ, ಮೇಡಂ ಮೆಟ್ಲು ಹತ್ತುತಾ ಇದಾರೆ!" ಎಂದಳು. ಟವೆಲು ಹೊದಿಸಿದೆ. ತಮ್ಮ ನಾಯಿ ಟವೆಲಿನೊಳಗಿಂದಲೂ ಹೊಳೆಯಿತು.

ಮೇಡಂ ಟವೆಲು ಎತ್ತಿ ನೋಡಿದರು, ಬಟ್ಟಲು ನೋಡಿದರು, ಆಮೇಲೆ ಬಗ್ಗಿ, ಪ್ರಾಣಿ ಎಲ್ಲಿ ಎಂದು ಮಗುವನ್ನು ಅದರದೇ ಭಾಷೆಯಲ್ಲಿ ಕೇಳಿದರು. ಮಗು ಮಂಚದ ಕೆಳಗೆ ಬೆರಳು ತೋರಿಸಿತು. ಯಾರು ಬಂದಿದ್ದಾರೆಂಬ ಪರಿವೆಯೇ ಇಲ್ಲದೆ ಅಲ್ಲಿಂದ ನನ್ನವರು, ಮಗುವಿನ ಕಾಲುಚೀಲವನ್ನು ಬಾಯಲ್ಲಿ ಕಚ್ಚಿಕೊಂಡು ಅಂಬೆಗಾಲಿಡುತ್ತ ಹೊರಬಂದರು. ಮಗಳು ಹೋದಂದಿನಿಂದ ಕುರ್ಚಿಗೆ ಅಂಟಿಕೊಂಡೇ ಇದ್ದ ಮನುಷ್ಯ.

ಮೇಡಂ ನಗು ತಡೆದುಕೊಂಡು ಏನೋ ಹೇಳಿದರು. ದುಭಾಷಿ ಹುಡುಗಿ ಕಣ್ಣೊರೆಸಿಕೊಳ್ಳುತ್ತ, "ಮಗು ಇದನ್ನ ಚೆನ್ನಾಗೇ ಪಳಗಿಸಿದೆ, ನಿಮ್ಮ ಜೊತೇಲೇ ಇರ್ಲಿ ಅಂತಿದಾರೆ ಅಕ್ಕಾ" ಎಂದಳು.

ಆದುದರಿಂದ ಮಾನ್ಯರೇ, ತಮ್ಮ ದಾಖಲೆಯನ್ನು ಅಳಿಸಬೇಡಿ. ಪ್ರಾಣಿಯ ಜಾಗದಲ್ಲಿ ನನ್ನವರನ್ನು ಸೇರಿಸಿಕೊಳ್ಳಿ: ಲಸಿಕೆ ಆಗಿದೆ, ಕಚ್ಚುವುದಿಲ್ಲ, ಗೊರಕೆಯುಂಟು. ಮಗುವನ್ನು ಮನುಷ್ಯರ ಸಾಲಿಗೆ ಹಾಕಿ ಒಂದು ದಿಂಬು ಕಳಿಸಿ. ತಮಗೂ ಒಂದು ಪುಟ್ಟ ಕ್ಯಾಲ್ಕುಲೇಟರನ್ನು ದತ್ತು ತೆಗೆದುಕೊಳ್ಳುವ ಮನಸ್ಸಿದ್ದರೆ ಹೇಳಿ, ಕಚೇರಿಗಳಿಗೆ ನಾನೇ ಅಲೆಯುತ್ತೇನೆ. ಸಾಕುವುದೆಂದರೆ ಏನೆಂದು ಆಗ ತಮಗೇ ತಿಳಿದೀತು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಮೂಲೆ ಕೋಣೆಯ ತಾಯಿ

ಮರೆತ ಮಾತು: ಊರಿಗೆ ಮರಳುವ ವಿಮಾನದ ಟಿಕೆಟ್ಟನ್ನೂ ತಾವೇ ಮಾಡಿಸಿಕೊಡುವುದಾಗಿ ತಿಳಿಸಿದ್ದೀರಿ. ದೊಡ್ಡ ಉಪಕಾರ, ಆದರೆ ಬೇಡ. ತಾವು ಅವಳನ್ನು ಸಾಮಾನಿನ ಜೊತೆ ಪಂಜರದಲ್ಲಿ ಕಳಿಸಿಬಿಟ್ಟೀರಿ. ಅವಳಿಗೆ ಕಿಟಕಿ ಪಕ್ಕದ ಸೀಟೇ ಬೇಕಂತೆ.