ಹರಳೆಣ್ಣೆಯ ವಿಶ್ರಾಂತಿ

"ಇವತ್ತಿನಿಂದ ನಾನು ಯಾವುದನ್ನೂ ಸರಿಮಾಡಾದಿಲ್ಲ. ಲೋಕ ಸೊಟ್ಟಗಿದ್ರೆ ಸೊಟ್ಟಗೇ ಇರ್ಲಿ" ಎಂದು ಶಿಕಾರಿಪುರದ ಗುಮಾಸ್ತ ವೀರಬಸಪ್ಪನವರು, ಆಣೆ ಹೋಗಿ ನಯಾಪೈಸೆ ಬಂದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಘೋಷಿಸಿದರು. ಘೋಷಿಸುತ್ತಲೇ ಗೋಡೆಯ ಕ್ಯಾಲೆಂಡರನ್ನು ಅರ್ಧ ಬೆರಳು ಎಡಕ್ಕೆ ಸರಿಸಿದರು.

ಇದಕ್ಕೆಲ್ಲ ಕಾರಣ ಕುತ್ತಿಗೆ. ಒಂದಕ್ಷರ ಬಾಗಿದರೂ ಇಡೀ ಕಾಗದವನ್ನು ಮೊದಲಿಂದ ಬರೆಯುವ ಅವರ ಶಿಸ್ತಿಗೆ ಕುತ್ತಿಗೆ ಹಿಡಿದುಕೊಂಡು, ವಾರದಿಂದ ಪಕ್ಕಕ್ಕೆ ತಿರುಗುವುದನ್ನೇ ನಿಲ್ಲಿಸಿತ್ತು. "ವಾರಕ್ಕೊಂದು ಎಣ್ಣೆಸ್ನಾನ ಮಾಡಿ ಸುಮ್ನೆ ಬಿದ್ಕೊಳ್ರಿ. ಎಲ್ಲಾ ನೀವೇ ನೋಡ್ಬೇಕು ಅಂತ ಏನೈತಿ?" ಎಂದು ಡಾಕ್ಟರು ಗದರಿಸಿ ಕಳಿಸಿದ್ದರು.

ಹೆಂಡತಿ ಸರ್ವಮಂಗಳಮ್ಮ ಈ ಸಲಹೆಯನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡರು. ಅವರಿಗೂ ವಿಶ್ರಾಂತಿ ಬೇಕಿತ್ತು, ಹೊಸಬಾಳೆಯ ತವರುಮನೆಯಲ್ಲಿ. ಎರಡು ವರ್ಷದಿಂದ ಹೊರಡುತ್ತಲೇ ಇದ್ದರು. ಪ್ರತಿ ಸಲವೂ ಗಂಡ ಟ್ರಂಕು ಬಿಚ್ಚಿ, ಮಡಿಕೆ ಸರಿಯಿಲ್ಲವೆಂದು ಸೀರೆಗಳನ್ನೆಲ್ಲ ಮತ್ತೆ ಮಡಿಸಿ ಮುಗಿಸುವಷ್ಟರಲ್ಲಿ ಸೊರಬದ ಬಸ್ಸು ಊರು ದಾಟಿರುತ್ತಿತ್ತು. ಇವತ್ತೂ ತಪ್ಪಿದರೆ ನಾಳೆ ಅಮಾವಾಸ್ಯೆ, ನಾಡಿದ್ದು ಮಂಗಳವಾರ; ಇನ್ನು ಹೋದ ಹಾಗೇ.

ಆದ್ದರಿಂದ ಬಸ್ಸಿಗೆ ಮುಕ್ಕಾಲು ಗಂಟೆ ಇರುವಾಗಲೇ ಗಂಡನನ್ನು ಬಚ್ಚಲಿನ ಮಣೆಯ ಮೇಲೆ ಕೂರಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ಹರಳೆಣ್ಣೆ ಬಳಿದರು. ಎಣ್ಣೆ ಹಚ್ಚಿಕೊಂಡವರು ಎದುರು ಬಂದರೆ ಹೊರಟವರಿಗೆ ಅಪಶಕುನ. ಯಾವ ಮರ್ಯಾದಸ್ಥನೂ ಆ ಅವತಾರದಲ್ಲಿ ಬೀದಿಗಿಳಿಯುವುದಿಲ್ಲ ಎಂಬ ಧೈರ್ಯ ಅವರದು.

"ಒಂದು ಗಂಟೆ ಅಲುಗಾಡಬ್ಯಾಡ್ರಿ. ನಾ ಹೋಗಿ ಬರ್ತೀನಿ."

"ಹೋಗಿ ಬಾ. ನಾನೀಗ ಕಲ್ಲು."

ಕಲ್ಲು ಐದು ನಿಮಿಷ ಕೂತಿತು. ಆಮೇಲೆ ಎಡಭುಜಕ್ಕಿಂತ ಬಲಭುಜಕ್ಕೆ ಎಣ್ಣೆ ಕಡಿಮೆ ಬಿದ್ದಿದೆ ಅನ್ನಿಸಿ ಸಮಮಾಡಿತು. ಎದ್ದು ಹಂಡೆಯೊಲೆಯ ಸೌದೆಗಳನ್ನು ಉದ್ದದ ಪ್ರಕಾರ ಜೋಡಿಸಿತು. ಮತ್ತೆ ಕೂತಿತು. ಆಗ ನೆನಪಾಯಿತು. ಹೆಂಡತಿಯ ಕೈಗೆ ಕೊಟ್ಟ ಸಾಮಾನಿನ ಪಟ್ಟಿಯಲ್ಲಿ ತಾವೇ "ತಂಬಿಗೆ ಒಂದು" ಎಂದು ಬರೆದಿದ್ದರು. ಟ್ರಂಕಿನಲ್ಲಿದ್ದದ್ದು ಎರಡು!

ಇರಲಿ ಬಿಡು, ಒಂದು ತಂಬಿಗೆ ಹೆಚ್ಚಿದ್ದರೆ ಪ್ರಳಯವಾಗುತ್ತದೆಯೇ ಎಂದು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣೊಳಗೆ ಹೊಸಬಾಳೆಯ ಮಾವ ಕನ್ನಡಕ ಏರಿಸಿಕೊಂಡು ಆ ತಪ್ಪು ಪಟ್ಟಿಯನ್ನು ಓದುತ್ತಿದ್ದರು. ಅಳಿಯನಾದವನು ಇದನ್ನು ಹೇಗೆ ಸಹಿಸುವುದು? ವೀರಬಸಪ್ಪನವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಉಟ್ಟ ಲಂಗೋಟಿಯಲ್ಲೇ ಹಿತ್ತಲ ಬಾಗಿಲಿನಿಂದ ಓಣಿಗೆ ಹಾರಿದರು.

ಓಣಿ ರಸ್ತೆಗೆ ಸೇರುವಲ್ಲಿ ಬಸ್ಸು ಎದುರಿಗೇ ಬಂತು.

ಡ್ರೈವರ್ ಮಂಜಪ್ಪ ಬ್ರೇಕು ತುಳಿದು, ಎಂಜಿನ್ನನ್ನೂ ನಿಲ್ಲಿಸಿಬಿಟ್ಟ. "ಮುಗೀತು. ಈ ಶಕುನದಾಗೆ ನಾ ಗಾಡಿ ಬಿಡಾದಿಲ್ಲ."

"ನಾನೂ ನಾಳೆ ಹೋಗ್ತೀನಪ್ಪ" ಎಂದು ಹಾಲಮ್ಮ ಎಂಬ ಮುದುಕಿ ಗಂಟು ಹೊತ್ತು ಇಳಿದೇಬಿಟ್ಟಳು. ಅವಳ ಹಿಂದೆ ನಾಲ್ಕು ಮಂದಿ ಎದ್ದರು.

ವೀರಬಸಪ್ಪನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಹೆಂಡತಿ ಕೂತ ಕಿಟಕಿಯ ಹತ್ತಿರ ಹೋಗಿ ಪಿಸುಗುಟ್ಟಿದರು. "ಅದು... ತಂಬಿಗೆ ಎರಡು. ಪಟ್ಟಿ ಇತ್ತ ಕೊಡು, ತಿದ್ದಿಬಿಡ್ತೀನಿ."

ಸರ್ವಮಂಗಳಮ್ಮನ ಕಣ್ಣು ತುಂಬಿ ಬಂತು. ಎರಡು ವರ್ಷದ ಆಸೆ ಒಂದು ತಂಬಿಗೆಯಲ್ಲಿ ಮುಳುಗುತ್ತಿತ್ತು. ಪೆನ್ಸಿಲಿನ ತುದಿಯಿಂದ ತೊಟ್ಟಿಕ್ಕುವ ಎಣ್ಣೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೆರಗು ಬಿಗಿದು ಎದ್ದು ನಿಂತು, ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು:

"ಡ್ರೈವರಣ್ಣ, ಹದಿನಾಲ್ಕು ವರ್ಷದಿಂದ ದಿನಾ ಬೆಳಗಾಗೆದ್ದು ಈ ಮುಖಾನೇ ನೋಡ್ತಿದೀನಿ. ಇನ್ನೂ ಬದುಕೇ ಇದೀನಲ್ಲ. ನೀವು ಒಂದ್ಸಲ ನೋಡಿದ್ದಕ್ಕೆ ಏನೂ ಆಗಾದಿಲ್ಲ, ಬಿಡ್ರಿ ಗಾಡಿ."

ಬಸ್ಸಿಗೆ ಬಸ್ಸೇ ನಕ್ಕಿತು. ಹಾಲಮ್ಮ ಮತ್ತೆ ಹತ್ತಿದಳು. ಮಂಜಪ್ಪ ಎಂಜಿನ್ ಎಬ್ಬಿಸಿದ.

ಹದಿನಾಲ್ಕಲ್ಲ, ಹದಿಮೂರು ವರ್ಷ ಎಂಟು ತಿಂಗಳು ಎಂಬ ಮಾತು ವೀರಬಸಪ್ಪನವರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ದಾರಿ ಬಿಟ್ಟು ನಿಂತರು.