ಕೌದಿ ಹೊದ್ದ ಘಾನಾ

ಆಫ್ರಿಕಾವನ್ನು ನಮ್ಮ ಸೋದರಮಾವನಷ್ಟು ಬಲ್ಲವರು ಬೀದರ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಬಸ್ಸಿನಲ್ಲಿ ಹೈದರಾಬಾದಿನವರೆಗೂ ಹೋಗಿಬಂದವರಿಗೆ ಅಷ್ಟೂ ತಿಳಿಯದೇ ಇರುತ್ತದೆಯೇ?

ಭಾಲ್ಕಿ ಕಡೆಯ ಒಂದು ಶಾಲೆಯಲ್ಲಿ ಅವರು ವಿಜ್ಞಾನದ ಮಾಸ್ತರರು. ವರ್ಷದ ಗ್ಯಾದರಿಂಗಿಗೆ ಮಕ್ಕಳಿಂದ ಆಫ್ರಿಕಾದ ನೃತ್ಯ ಮಾಡಿಸುವೆನೆಂದು ಸಾರಿಬಿಟ್ಟರು. "ಆಫ್ರಿಕಾ ಅಂದ್ರ ಒಂದೇ ದೇಶ ಅಲ್ಲ, ಮಾಮಾ" ಎಂದೆ. ವಾರವಿಡೀ ಫೋನ್ ತಿಕ್ಕಿ, ಘಾನಾಕ್ಕೆ ಇಳಿದರು. ನಾನು ತಿದ್ದಿದ್ದರಿಂದಲೇ ಇಳಿದರೆಂದು ನನ್ನ ಡೈರಿ ಹೇಳುತ್ತದೆ. ಆದರೆ ನನ್ನ ಡೈರಿಯಲ್ಲಿ ಒಳ್ಳೆಯದೆಲ್ಲ ನನ್ನಿಂದಲೇ ಆಗುತ್ತದೆ.

ಘಾನಾದ ಬಣ್ಣಬಣ್ಣದ ಪಟ್ಟಿಬಟ್ಟೆಯ ಬದಲು ಮನೆಮನೆಯಿಂದ ಕೌದಿಗಳು ಬಂದವು. ಅಜ್ಜಿಯರು ಚಿಂದಿ ಸೇರಿಸಿ ಹೊಲಿದ ಆ ಭಾರವನ್ನು ಸುತ್ತಿಕೊಂಡು ಕುಣಿಯಬೇಕಂತೆ!

"ಸರ, ಘಾನಾದಾಗ ಇಷ್ಟು ಥಂಡಿ ಇರ್ತದೇನ್ರಿ?" ಎಂದಳು ಬೆವರುತ್ತಿದ್ದ ಒಬ್ಬ ಹುಡುಗಿ.

"ಹಬಶಿಕೋಟದಾಗ ಮಲಗಿದವರಿಗಿ ಕೇಳು."

ಬೀದರಿನ ಆ ಗುಡ್ಡದಲ್ಲಿ ಎಂದೋ ಆಫ್ರಿಕಾದಿಂದ ಬಂದು ಇಲ್ಲಿಯವರೇ ಆದವರ ಗೋರಿಗಳಿವೆ. ಮಕ್ಕಳನ್ನು ಹಿಂದಿನ ದಿನವಷ್ಟೇ ಕರೆದೊಯ್ದು ತೋರಿಸಿದ್ದರು.

ಹೆಡ್‌ಮಾಸ್ತರರಿಗೆ ಮಕ್ಕಳ ಮುಖಕ್ಕೆ ಮಸಿ ಬಳಿಸುವ ಆಸೆ.

"ಮಂದಿ ಮಾರಿ ವೇಷ ಅಲ್ಲರಿ ಸರ," ಎಂದರು ಮಾವ. "ಬಣ್ಣ ಬೇಕಂದ್ರ ನಮ್ಮ ಹುಡುಗರಿಗಿ ಬಿಸಿಲು ಪುಕ್ಕಟೆ ಬಳದದ."

"ಹೋಗ್ಲಿ, ಊರಾಗಿನ ಹಲಗಿಯರೆ ತರಸ್ರಿ. ತಾಳ ಇಲ್ಲದ ಕುಣಿತ ನಾ ಸ್ಟೇಜ್ ಹತ್ತಸಲ್ಲ. ಬಾರಿಸ್ಲಿಕ್ಕ ನೀವೇ ಅದೀರಲ್ಲ."

"ಹಲಗಿ ಬ್ಯಾಡ್ರಿ."

ಮಾವ ಅಂದದ್ದು ಅಷ್ಟೇ. ಕಂಡವರ ಹೆಣದ ಮುಂದೆ ಹಲಗೆ ಎಂಬ ಆ ಚರ್ಮವಾದ್ಯವನ್ನು ಬಾರಿಸುವುದು ಊರು ನಮ್ಮ ಅಜ್ಜನಿಗೆ, ಅಂದರೆ ಮಾವನ ಅಪ್ಪನಿಗೆ, ಹೊರಿಸಿದ್ದ ಕೆಲಸ. ಬೌದ್ಧ ದೀಕ್ಷೆ ಪಡೆದ ದಿನ ಅಜ್ಜ ಅದನ್ನು ಬಾವಿಗೆ ಎಸೆದಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಊಟದ ತಾಟು ಬಡಿದರೂ ಬೆನ್ನಿಗೆ ಮಾವನ ಗುದ್ದು ಖಾತ್ರಿ. ಇಂಥವರು ಹೋಗಿ ಹೋಗಿ ಡೋಲಿನ ದೇಶವನ್ನೇ ಆರಿಸಿಕೊಂಡರಲ್ಲ, ಏನನ್ನೋಣ!

ಕೊನೆಗೆ ಸ್ಪೀಕರಿನಲ್ಲಿ ಹಾಡು ಹಾಕುವುದೆಂದಾಯಿತು. ಗ್ಯಾದರಿಂಗಿನ ದಿನ ಮಕ್ಕಳು ಹೆಜ್ಜೆ ಎತ್ತಿದ್ದೇ ತಡ, ಕರೆಂಟು ಹೋಯಿತು. ಕೌದಿಯೊಳಗೆ ಘಾನಾ ಗಪ್ಪಾಯಿತು. ಹೆಡ್‌ಮಾಸ್ತರರು "ಇಳೀರಿ, ಇಳೀರಿ" ಎಂದು ಕೈ ಬೀಸಿದರು.

ಮಾವ ಬಿಸಿಯೂಟದ ಕೋಣೆಗೆ ಓಡಿ, ಖಾಲಿ ಎಣ್ಣೆ ಡಬ್ಬಿ ತಂದು ಬೋರಲು ಹಾಕಿದರು. ಬಾರಿಸಿದರು. ಎಂದೂ ಬಾರಿಸದವರ ಕೈಗಳಾಗಿರಲಿಲ್ಲ ಅವು. ಮಕ್ಕಳು ಕುಣಿದರು, ಖುರ್ಚಿಯಲ್ಲಿದ್ದವರ ಕಾಲುಗಳೂ ಸುಮ್ಮನಿರಲಿಲ್ಲ.

"ಘಾನಾದ್ದೇನು ಮಾಮಾ, ಈ ತಾಳ?" ಎಂದು ಆಮೇಲೆ ಕೆಣಕಿದೆ.

"ಅಪ್ಪಂದು," ಎಂದರು ಕೆಂಪಾದ ಅಂಗೈ ನೋಡಿಕೊಳ್ಳುತ್ತ. "ಊರ ಮಂದಿ ಬಾರಿಸು ಅಂದ್ರ ಬಾರಸ್ತಿದ್ದ, ನಿಂದ್ರಸು ಅಂದ್ರ ನಿಂದ್ರಸ್ತಿದ್ದ. ಇವತ್ತ ನಾ ಯಾರ ಮಾತೂ ಕೇಳಿಲ್ಲ ನೋಡು."

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ನಾಲ್ಕು ವರ್ಷದ ಮಗಳು ಎರಡು ಚಮಚ ಹಿಡಿದು ತಾಟು ಬಡಿಯತೊಡಗಿದಳು. ಮಾವ ಕೈ ಎತ್ತಿದರು. ನನ್ನ ಬೆನ್ನು ತಾನಾಗಿ ಬಾಗಿತು. ನನ್ನ ನೆನಪನ್ನು ನಾನು ನಂಬುವುದಿಲ್ಲ, ಬೆನ್ನನ್ನು ನಂಬುತ್ತೇನೆ.

ಆ ಕೈ ಮೆಲ್ಲಗೆ ಇಳಿದು ಅವಳ ಪುಟ್ಟ ಕೈಯ ಮೇಲೆ ಕೂತಿತು.

"ಅವಸರ ಬ್ಯಾಡವ್ವಾ," ಎಂದರು. "ಎಡಗೈ ಸಾವಕಾಶ."